ನವೀಕರಣಕ್ಕೆ ಹತ್ತು ಸಾವಿರ, ಬಿಡಿಭಾಗಕ್ಕೆ ಹೊಣೆ ಯಾರು?

ಮಾನ್ಯ ಸಂಪಾದಕರೇ,

20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 5,000 ರೂಪಾಯಿಯಿಂದ 10,000 ರೂಪಾಯಿಗೆ ಏರಿಸಿತು. 2022ರ ಏಪ್ರಿಲ್‌ಗೆ ಮೊದಲು ಇದೇ ಕೆಲಸ 600 ರೂಪಾಯಿಯಲ್ಲಿ ಮುಗಿಯುತ್ತಿತ್ತು. ಏರಿಕೆಯ ಬಗ್ಗೆ ಆಗಬೇಕಾದ ಚರ್ಚೆ ಆಗಿದೆ. ನನ್ನ ತಕರಾರು ಬೇರೆಯದು. ತಪಾಸಣೆಯಲ್ಲಿ ತೇರ್ಗಡೆಯಾದ ಕಾರು ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡಬಹುದು ಎಂದು ಸರ್ಕಾರವೇ ಬರೆದುಕೊಟ್ಟು ಹಣ ಪಡೆಯುತ್ತದೆ. ಆ ಐದು ವರ್ಷ ಅದನ್ನು ಸುಸ್ಥಿತಿಯಲ್ಲಿ ಇಡಲು ಬೇಕಾದ ಬಿಡಿಭಾಗಗಳು ಸಿಗುವಂತೆ ನೋಡಿಕೊಳ್ಳುವವರು ಯಾರು?

ಹಳೆಯ ಕಾರು ಎಂದ ಕೂಡಲೇ ವಿಂಟೇಜ್ ರ‍್ಯಾಲಿಗಳ ಹೊಳೆಯುವ ವಾಹನಗಳು ನೆನಪಾಗುತ್ತವೆ. 50 ವರ್ಷ ಮೀರಿದ ಅಂಥ ವಾಹನಗಳಿಗೆ 2021ರಲ್ಲೇ ಪ್ರತ್ಯೇಕ ನಿಯಮ ಬಂದಿದೆ, ‘ವಿಎ’ ಅಕ್ಷರಗಳ ನೋಂದಣಿ ಸಂಖ್ಯೆಯೂ ಇದೆ. ನಾನು ಹೇಳುತ್ತಿರುವುದು ಹದಿನೈದು, ಇಪ್ಪತ್ತು ವರ್ಷದ ಸಾಮಾನ್ಯ ಕಾರುಗಳ ಮಾತು. ವಾರಕ್ಕೊಮ್ಮೆ ಸಂತೆಗೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ, ವರ್ಷಕ್ಕೊಮ್ಮೆ ಊರಿನ ಜಾತ್ರೆಗೆ ಹೋಗಿಬರಲು ಇಟ್ಟುಕೊಂಡಿರುವ, ಹೊಸದನ್ನು ಕೊಳ್ಳುವ ಶಕ್ತಿ ಇಲ್ಲದ ಕುಟುಂಬಗಳ ಕಾರುಗಳವು.

ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಭಾಗದ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು ನಾನು. ಮನೆಯಲ್ಲಿ ತಂದೆಯವರು ಬಿಟ್ಟುಹೋದ ಪ್ರೀಮಿಯರ್ ಪದ್ಮಿನಿ ಇದೆ, 2011ರಲ್ಲಿ ನಾನೇ ಕೊಂಡ ಇನ್ನೊಂದು ಕಾರೂ ಇದೆ. ಈ ಎರಡರಲ್ಲಿ ಬಿಡಿಭಾಗಕ್ಕಾಗಿ ನನ್ನನ್ನು ಹೆಚ್ಚು ಅಲೆಸಿರುವುದು ಹೊಸದೇ. ಓದುಗರಿಗೆ ಇದು ವಿಚಿತ್ರ ಎನಿಸಬಹುದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮುಂಬೈಯ ಕುರ್ಲಾದಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ತಯಾರಾಗಿ ಮುಂದೆ ಪದ್ಮಿನಿಯಾದ ಕಾರು ಅದು. ಉತ್ಪಾದನೆ ನಿಂತು 20 ವರ್ಷಕ್ಕೂ ಹೆಚ್ಚಾಯಿತು. ಆದರೂ ಅದರ ಯಂತ್ರಭಾಗಗಳಿಗೆ ಇಂದಿಗೂ ದಾರಿ ಇದೆ. ಬ್ರೇಕಿನ ವೀಲ್ ಸಿಲಿಂಡರ್ ಸವೆದರೆ ಒಳಗೆ ಹಿತ್ತಾಳೆಯ ಸ್ಲೀವ್ ಕೂರಿಸಿಕೊಡುವ ಟರ್ನರ್‌ಗಳಿದ್ದಾರೆ. ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ನಿನ ಬುಷ್ ಸಿಗದಿದ್ದರೆ ಗನ್‌ಮೆಟಲ್ ತುಂಡಿನಿಂದ ಲೇತ್ ಮೇಲೆ ಹೊಸದನ್ನೇ ಕಡೆಯಬಹುದು. ಬ್ರೇಕ್ ಶೂಗಳಿಗೆ ಹೊಸ ಲೈನಿಂಗ್ ಹಾಕಿಸಬಹುದು, ತಾಮ್ರ ಹಿತ್ತಾಳೆಯ ರೇಡಿಯೇಟರ್ ಸೋರಿದರೆ ಬೆಸುಗೆ ಹಾಕಿಸಬಹುದು. ಸಿಗದೆ ಕಾಡುವುದು ಗಾಜು, ರಬ್ಬರ್ ಬೀಡಿಂಗ್, ಹಿಂದಿನ ದೀಪದ ಕವಚ, ಬಾಗಿಲಿನ ಹಿಡಿ ಇಂಥವು. ಮುಂಬೈಯ ರಸ್ತೆಗಳಲ್ಲಿ ಕಪ್ಪು ಹಳದಿ ಟ್ಯಾಕ್ಸಿಗಳು ಇರುವಷ್ಟು ದಿನ ಇವನ್ನೂ ತಯಾರಿಸುವವರಿದ್ದರು, ಏಕೆಂದರೆ ನಿತ್ಯ ಕೊಳ್ಳುವವರಿದ್ದರು. 20 ವರ್ಷದ ವಯೋಮಿತಿ ತುಂಬಿ 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಅಂಬಾಸಿಡರ್ ಕಾರು ತಯಾರಾಗುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆ 2014ರಲ್ಲಿ ಮುಚ್ಚಿದ ಮೇಲೂ ಅದರ ಭಾಗಗಳು ಸಿಗುತ್ತಿರುವುದಕ್ಕೆ ಕೋಲ್ಕತ್ತದ ಹಳದಿ ಟ್ಯಾಕ್ಸಿಗಳೇ ಆಧಾರ. ಅವೂ ಒಂದೊಂದಾಗಿ ಕಣ್ಮರೆಯಾಗುತ್ತಿವೆ.

ಈಗ 2011ರ ಕಾರಿನ ಕಥೆ. ಸ್ಟೀರಿಂಗ್ ಚಕ್ರದ ಹಿಂದೆ ಕ್ಲಾಕ್ ಸ್ಪ್ರಿಂಗ್ ಎಂಬ ಭಾಗವಿರುತ್ತದೆ. ಚಕ್ರ ಎತ್ತ ತಿರುಗಿದರೂ ಏರ್‌ಬ್ಯಾಗ್‌ಗೆ ಮತ್ತು ಹಾರನ್‌ಗೆ ವಿದ್ಯುತ್ ಸಂಪರ್ಕ ಕಡಿಯದಂತೆ ಕಾಯುವ, ಸುರುಳಿ ಸುತ್ತಿದ ತೆಳು ಪಟ್ಟಿ ಅದು. ಅದು ತುಂಡಾದರೆ ಅಪಘಾತದ ಹೊತ್ತಿನಲ್ಲಿ ಚಾಲಕನ ಏರ್‌ಬ್ಯಾಗ್ ತೆರೆದುಕೊಳ್ಳುವುದಿಲ್ಲ. ನನ್ನ ಕಾರಿನಲ್ಲಿ ತುಂಡಾಯಿತು. ಅಧಿಕೃತ ಸರ್ವಿಸ್ ಸೆಂಟರ್‌ನವರು ಮುಂಗಡ ಹಣ ಕೇಳಿದರು, ಭಾಗ ಯಾವಾಗ ಬರುತ್ತದೆ ಎಂದು ಹೇಳಲು ಒಪ್ಪಲಿಲ್ಲ. ಈ ಪತ್ರ ಬರೆಯುವ ಹೊತ್ತಿಗೂ ಅದು ಬಂದಿಲ್ಲ. ಇದನ್ನು ಲೇತ್ ಮೇಲೆ ಕಡೆಯಲಾಗುವುದಿಲ್ಲ. ಎಂಜಿನ್ ನಿಯಂತ್ರಿಸುವ ಇಸಿಯುವಿನ ಕಥೆ ಇದಕ್ಕಿಂತ ಕಠಿಣ. ಅದೇ ಮಾದರಿಯ ಇನ್ನೊಂದು ಕಾರಿನಿಂದ ತಂದು ಜೋಡಿಸಿದರೂ ಕೀಲಿಯೊಳಗಿನ ಚಿಪ್‌ಗೆ ಹೊಂದಿಸದೆ ಎಂಜಿನ್ ಚಾಲೂ ಆಗುವುದಿಲ್ಲ. ಹೊಂದಿಸುವ ತಂತ್ರಾಂಶ ಇರುವುದು ಕಂಪನಿಯ ಬಳಿ. ರೇಡಿಯೇಟರ್ ಕೂಡ ಈಗ ಪ್ಲಾಸ್ಟಿಕ್ ಟ್ಯಾಂಕಿಗೆ ಅಲ್ಯೂಮಿನಿಯಂ ಬಿಗಿದದ್ದು, ಬೆಸುಗೆಗೆ ಒಗ್ಗದು. ಕಾರುಗಳು ಹೊಸದಾದಷ್ಟೂ ಊರಿನ ಕುಶಲಕರ್ಮಿಯ ಕೈಗೆ ಸಿಗದಂತಾಗುತ್ತಿವೆ. ಹಾಗಿರುವಾಗ ಬಿಡಿಭಾಗ ಪೂರೈಸುವ ಕಂಪನಿಯ ಹೊಣೆ ಹೆಚ್ಚಬೇಕಿತ್ತು.

ಕಂಪನಿಗಳೇ ದೇಶ ಬಿಟ್ಟು ಹೋದಾಗ ಈ ಆತಂಕ ಇನ್ನೂ ದೊಡ್ಡದು. ಜನರಲ್ ಮೋಟರ್ಸ್ 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಬಿಡಿಭಾಗ ಮತ್ತು ಸೇವೆ ಮುಂದುವರಿಯುತ್ತದೆ ಎಂದು ಇಬ್ಬರೂ ಹೇಳಿಯೇ ಹೋದರು. ಆದರೆ ಇಂಥ ಮಾತು ಕಂಪನಿಯ ಸೌಜನ್ಯವಾಗಿ ಉಳಿಯಬಾರದು, ಗ್ರಾಹಕನ ಹಕ್ಕಾಗಿ ಕಾನೂನಿನ ಪುಸ್ತಕದಲ್ಲಿ ಇರಬೇಕು. ಮಾದರಿಯೊಂದರ ಕೊನೆಯ ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನದಿಂದ ಕನಿಷ್ಠ 15 ವರ್ಷ ಬಿಡಿಭಾಗ ಪೂರೈಸಬೇಕು ಎಂದು ಬರೆದರೆ ಅದು ಅತಿಯಾದ ಬೇಡಿಕೆಯಲ್ಲ. ನೋಂದಣಿಯ ಮೊದಲ ಅವಧಿಯೇ 15 ವರ್ಷ ಅಲ್ಲವೇ?

ಸದ್ಯ ಈ ಕಾರುಗಳನ್ನು ಓಡುವಂತೆ ಇಟ್ಟಿರುವವರು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳ ಹಿರಿಯರು, ಶಿವಾಜಿನಗರದ ಗುಜರಿ ವ್ಯಾಪಾರಿಗಳು, ಚೆನ್ನೈನ ಪುದುಪೇಟೆಯವರು, ದೆಹಲಿಯ ಕಾಶ್ಮೀರಿ ಗೇಟಿನವರು. ಇವರ ತಲೆಯಲ್ಲಿರುವ ತಿಳಿವಳಿಕೆ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಯಾವ ಕಾರಿನದು ಯಾವುದಕ್ಕೆ ಹೊಂದುತ್ತದೆ ಎಂಬುದು ಇವರಿಗೆ ಬಾಯಿಪಾಠ. ಫಿಯಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ಮಾರುತಿ ಸ್ವಿಫ್ಟ್‌ನಲ್ಲೂ ಇತ್ತು, ಟಾಟಾ ಇಂಡಿಕಾ ವಿಸ್ಟಾದಲ್ಲೂ ಇತ್ತು. ಹಾಗಾಗಿ ಫಿಯಟ್ ಪುಂಟೊ ಇಟ್ಟುಕೊಂಡವರಿಗೆ ಎಂಜಿನ್ನಿನ ಎಷ್ಟೋ ಭಾಗ ಬೇರೆ ಹೆಸರಿನ ಡಬ್ಬಿಯಲ್ಲಿ ಸಿಗುತ್ತದೆ. ಕಾರು ಕಂಪನಿಗಳು ಎಲ್ಲವನ್ನೂ ತಾವೇ ತಯಾರಿಸುವುದಿಲ್ಲ. ಪಂಪು, ಸೆನ್ಸರ್, ಕ್ಲಚ್‌ಗಳನ್ನು ಬೇರೆ ಕಾರ್ಖಾನೆಗಳಿಂದ ತರಿಸಿ ತಮ್ಮ ಮುದ್ರೆ ಒತ್ತುತ್ತವೆ. ಹಳೆಯ ಭಾಗದ ಮೈಮೇಲೆ ಮೂಲ ತಯಾರಕರ ಹೆಸರು, ಸಂಖ್ಯೆ ಇರುತ್ತದೆ. ಅದನ್ನು ಎಸೆಯುವ ಮುನ್ನ ಒರೆಸಿ ನೋಡಿ ಬರೆದಿಟ್ಟುಕೊಳ್ಳಿ ಎಂದು ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತಿದ್ದೆ.

ಈ ಸಂತೆಯಲ್ಲಿ ನಕಲಿ ಸರಕೂ ಇದೆ ಎಂಬುದನ್ನು ಅಲ್ಲಗಳೆಯಲಾರೆ. ನಕಲಿ ಬಾಗಿಲಿನ ಹಿಡಿಯಿಂದ ಯಾರ ಪ್ರಾಣವೂ ಹೋಗುವುದಿಲ್ಲ. ನಕಲಿ ಬ್ರೇಕ್ ಪ್ಯಾಡಿನಿಂದ ಹೋಗುತ್ತದೆ, ಅದೂ ಆ ಕಾರಿನೊಳಗೆ ಇರುವವರದಷ್ಟೇ ಅಲ್ಲ. ಅಸಲಿ ಸಿಗದ ಕಡೆಯಲ್ಲೇ ನಕಲಿ ಬೆಳೆಯುವುದು.

ಹೀಗೆ ಹೇಳುತ್ತಿರುವವನು ನಾನೊಬ್ಬನೇ ಅಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ಅಸಲಿ ಬಿಡಿಭಾಗ ಮತ್ತು ತಪಾಸಣಾ ಉಪಕರಣ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ತಪ್ಪು, ಅವನ್ನು ಮುಕ್ತ ಮಾರುಕಟ್ಟೆಗೆ ಬಿಡಿ ಎಂಬುದು ಆದೇಶದ ತಿರುಳು. ದಂಡದ ವಿಚಾರ ಮೇಲ್ಮನವಿಗಳಿಗೆ ಹೋಯಿತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು, ವರ್ಷದ ಕೊನೆಗೆ ಜಾಲತಾಣವನ್ನೂ ತೆರೆಯಿತು. ಒಳ್ಳೆಯ ಕೆಲಸ, ಮೆಚ್ಚುತ್ತೇನೆ. ಆದರೆ ಮಾಹಿತಿ ಹಂಚಿಕೆಯಲ್ಲಿಗೆ ನಿಲ್ಲದೆ ಅದು ಕಾಯಿದೆಯಾಗಬೇಕು.

ಪೆಟ್ರೋಲಿನ ಮಾತನ್ನೂ ಸೇರಿಸಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಕೆಲವು ಹಳೆಯ ವಾಹನಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬೇಗ ಬದಲಿಸಬೇಕಾಗಬಹುದು, ಅದಕ್ಕೆ ಹೆಚ್ಚು ಖರ್ಚಿಲ್ಲ ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿತು. ಖರ್ಚು ಹೆಚ್ಚಿಲ್ಲ ಎಂಬುದನ್ನು ಒಪ್ಪೋಣ. ಎಥೆನಾಲ್ ತಡೆಯುವ ರಬ್ಬರಿನಿಂದ ಮಾಡಿದ ಹೋಸು, ಪಂಪಿನ ಡಯಾಫ್ರಂ ಹಳೆಯ ಮಾದರಿಗಳಿಗೆ ಯಾವ ಅಂಗಡಿಯಲ್ಲಿ ಸಿಗುತ್ತವೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಿತ್ತು. ಪೆಟ್ರೋಲ್ ಸೋರುವ ಹೋಸು ಬೆಂಕಿಗೆ ದಾರಿ.

ಇನ್ನು ತಕ್ಷಣ ಮಾಡಬಹುದಾದ ಎರಡು ಕೆಲಸ. ತಾನು ತಯಾರಿಸುವುದಿಲ್ಲ ಎಂದು ಕಂಪನಿ ತೀರ್ಮಾನಿಸಿದ ಭಾಗದ ನಕ್ಷೆ, ಅಳತೆ, ಲೋಹದ ವಿವರಗಳನ್ನು ಸಣ್ಣ ಕೈಗಾರಿಕೆಗಳಿಗೆ ನ್ಯಾಯವಾದ ಬೆಲೆಗೆ ಕೊಡುವಂತಾಗಬೇಕು. ನಮ್ಮ ಬೆಳಗಾವಿಯ ಫೌಂಡ್ರಿಗಳು ದೊಡ್ಡ ದೊಡ್ಡ ವಾಹನ ಕಂಪನಿಗಳಿಗೆ ಎರಕ ಹೊಯ್ದುಕೊಡುತ್ತಿವೆ. ಉದ್ಯಮಬಾಗ್‌ನ ಕಾರ್ಖಾನೆಗಳಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ ಈ ಕೆಲಸ ಮಾಡಬಲ್ಲ ಯಂತ್ರವೂ ಇದೆ, ಕೈಯೂ ಇದೆ. ಕೊರತೆ ಇರುವುದು ನಕ್ಷೆಯದು.

ಎರಡನೆಯದು ಗುಜರಿ ಕೇಂದ್ರಗಳದು. 2021ರ ಸೆಪ್ಟೆಂಬರ್‌ನ ನಿಯಮಗಳಂತೆ ನೋಂದಾಯಿತ ಕೇಂದ್ರಗಳಲ್ಲಿ ಹಳೆಯ ವಾಹನಗಳನ್ನು ಕಳಚಲಾಗುತ್ತಿದೆ. ಎಂಜಿನ್ ಕೆಟ್ಟ ಕಾರಿನ ಬಾಗಿಲಿನ ಗಾಜು, ದೀಪ, ಇಸಿಯು ಚೆನ್ನಾಗಿಯೇ ಇರಬಹುದು. ಅವನ್ನು ಕಬ್ಬಿಣದ ತೂಕಕ್ಕೆ ಪುಡಿ ಮಾಡುವುದು ರಾಷ್ಟ್ರೀಯ ನಷ್ಟ. ಬಳಸಬಹುದಾದ ಭಾಗಗಳನ್ನು ಪರೀಕ್ಷಿಸಿ, ಕಳಚಿದ ವಾಹನದ ಚಾಸಿ ಸಂಖ್ಯೆಯೊಂದಿಗೆ ದಾಖಲಿಸಿ, ಬಿಲ್ ಹಾಕಿ ಮಾರಲಿ. ಬ್ರೇಕ್, ಏರ್‌ಬ್ಯಾಗ್‌ಗಳಂಥ ಸುರಕ್ಷತೆಯ ಭಾಗಗಳನ್ನು ಈ ಮಾರಾಟದಿಂದ ಹೊರಗಿಡಲಿ. ದಾಖಲೆ ಇದ್ದರೆ ಕದ್ದ ಮಾಲಿಗೂ ತಡೆ ಬೀಳುತ್ತದೆ. ಮೀರತ್‌ನ ಸೋತಿಗಂಜ್‌ನಲ್ಲಿ ಕದ್ದ ವಾಹನಗಳನ್ನು ಬಿಚ್ಚಿ ಮಾರುವ ದಂಧೆ ಎಷ್ಟು ಬೆಳೆದಿತ್ತೆಂದರೆ 2021ರ ಡಿಸೆಂಬರ್‌ನಲ್ಲಿ ಪೊಲೀಸರು ಆ ಮಾರುಕಟ್ಟೆಯನ್ನೇ ಮುಚ್ಚಿಸಬೇಕಾಯಿತು.

ಈ ಕೇಂದ್ರಗಳಿಗೆ ನೋಂದಣಿ ಕೊಡುವುದು ಆಯಾ ರಾಜ್ಯದ ಸಾರಿಗೆ ಇಲಾಖೆ. ರಾಜ್ಯದ ಕೇಂದ್ರಗಳಲ್ಲಿ ಯಾವ ಮಾದರಿಯ ಯಾವ ಭಾಗ ಲಭ್ಯವಿದೆ ಎಂಬ ಪಟ್ಟಿಯನ್ನು ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲೇ ಪ್ರಕಟಿಸಿ, ವಾರಕ್ಕೊಮ್ಮೆ ಪರಿಷ್ಕರಿಸಬೇಕೆಂದು ಸಾರಿಗೆ ಸಚಿವರನ್ನು ಮತ್ತು ಸಾರಿಗೆ ಆಯುಕ್ತರನ್ನು ಈ ಪತ್ರದ ಮೂಲಕ ಕೋರುತ್ತೇನೆ. ಬಿಡಿಭಾಗ ಪೂರೈಕೆಯ ಅವಧಿಯನ್ನು ಕಾನೂನಿನಲ್ಲಿ ನಿಗದಿಪಡಿಸುವ ಬೇಡಿಕೆಯನ್ನು ನಮ್ಮ ಸಂಸದರು ಮುಂದಿನ ಅಧಿವೇಶನದಲ್ಲಿ ಎತ್ತಲಿ.

ಇಂತಿ ತಮ್ಮ ಓದುಗ,
ನಿವೃತ್ತ ಆಟೊಮೊಬೈಲ್ ಉಪನ್ಯಾಸಕ
ಬೆಳಗಾವಿ