ಸಣ್ಣಕ್ಷರ ಓದು ಪುಟ್ಟಿ

ಪುಟ್ಟಿ,

ನಿನ್ನೆ ಫೋನಿನಲ್ಲಿ, ನೆಗಡಿಗೆ ಅಂತ ರೂಮ್‌ಮೇಟ್ ಹತ್ತಿರ ಉಳಿದಿದ್ದ ಅಜಿತ್ರೋಮೈಸಿನ್ ಎರಡು ನುಂಗಿದೆ ಅಂದೆಯಲ್ಲ, ಆಗ ಬೈಯಲಿಲ್ಲ, ಬೈದರೆ ನೀನು ಫೋನ್ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಮೂರನೆಯದನ್ನು ನುಂಗಬೇಡ.

ನೆಗಡಿ ವೈರಸ್‌ನದ್ದು. ಅಜಿತ್ರೋಮೈಸಿನ್ ಆಂಟಿಬಯೋಟಿಕ್, ಅದು ಬ್ಯಾಕ್ಟೀರಿಯಾಕ್ಕೆ. ಧೂಳಿಗೆ ಸೀನು, ಕಣ್ಣು ತುರಿಕೆ ಆದರೆ ಸೆಟಿರಿಜಿನ್ ಥರದ್ದು ಸಾಕು, ಅಲರ್ಜಿ ಎಬ್ಬಿಸೋ ಹಿಸ್ಟಮಿನ್ ಕೆಲಸವನ್ನು ಅದು ತಡೆಯುತ್ತದೆ. ಅದೇ ಜಾತಿಯ ಹಳೇ ಕಾಲದ ಕ್ಲೋರ್‌ಫೆನಿರಮಿನ್ ಮೆದುಳಿಗೂ ಹೋಗುತ್ತದೆ, ಅದಕ್ಕೇ ಅಷ್ಟು ನಿದ್ದೆ. ಸ್ಕೂಟಿ ಓಡಿಸೋ ದಿನ ಅದು ಬೇಡವೇ ಬೇಡ. ಎಷ್ಟೋ ನೆಗಡಿ ಮಾತ್ರೆಗಳಲ್ಲಿ ಇದರ ಜೊತೆ ಪ್ಯಾರಸಿಟಮಾಲ್ ಕೂಡ ಸೇರಿರುತ್ತದೆ, ಜ್ವರಕ್ಕೆ ಅಂತ ಮತ್ತೊಂದು ನುಂಗಿದರೆ ಡಬಲ್ ಆಯಿತು.

ನಿನಗೆ ನೆನಪಿಲ್ಲ. ಯುಕೆಜಿಯಲ್ಲಿ ಅಮಾಕ್ಸಿಸಿಲಿನ್ ಸಿರಪ್ ಕುಡಿದು ಮೈಯೆಲ್ಲ ದದ್ದು ಎದ್ದು ತುಟಿ ಊದಿತ್ತು. ಎರಡು ವರ್ಷ ಬಿಟ್ಟು ಇನ್ನೊಂದು ಹೆಸರಿನ ಬಾಟಲಿ ತಂದುಕೊಟ್ಟವಳು ನಾನೇ, ಅದೂ ಮೆಡಿಕಲ್ ಶಾಪ್ ಕೌಂಟರಿನಲ್ಲಿ ದಿನಾ ನಿಲ್ಲುತ್ತಿದ್ದವಳು! ಮೇಲೆ ದಪ್ಪಕ್ಷರದಲ್ಲಿ ಬೇರೆ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ಅದೇ ಅಮಾಕ್ಸಿಸಿಲಿನ್. ನಿಮ್ಮಮ್ಮ ಮುಚ್ಚಳ ತಿರುಗಿಸುವ ಮೊದಲು ಓದಿದ್ದಕ್ಕೆ ಬಚಾವ್. ಇವತ್ತಿಗೂ ಆ ಬಾಟಲಿ ನೆನಪಾದರೆ ಮೈ ಜುಂ ಅನ್ನುತ್ತದೆ.

ಹಾಗಾಗಿ ಆಂಟಿಬಯೋಟಿಕ್ ಹೆಸರಿನ ತಲೆ, ಬಾಲ ನೋಡೋದು ಕಲಿ. "ಸಿಲಿನ್" ಅಂತ ಮುಗಿದರೆ ಪೆನಿಸಿಲಿನ್ ಮನೆತನ, ನಿನಗಾಗದು. "ಸೆಫ್" ಅಂತ ಶುರುವಾದರೆ ಅದರ ದಾಯಾದಿ, ಹಳೇ ಅಲರ್ಜಿ ಮೊದಲೇ ಡಾಕ್ಟರಿಗೆ ಹೇಳು. "ಫ್ಲಾಕ್ಸಾಸಿನ್" ಬಾಲದ್ದನ್ನು ಹಾಲು, ಆ್ಯಂಟಾಸಿಡ್ ಜೊತೆ ತೆಗೆದುಕೊಂಡರೆ ಸರಿಯಾಗಿ ಮೈಗೆ ಹತ್ತೋದಿಲ್ಲ. ಡಾಕ್ಸಿಸೈಕ್ಲಿನ್‌ಗೆ ತುಂಬಾ ನೀರು ಕುಡಿಯಬೇಕು, ನುಂಗಿದ ಕೂಡಲೇ ಮಲಗಬಾರದು. ನಾನು ಒಂದು ಗುಟುಕು ನೀರಲ್ಲಿ ನುಂಗಿ ಮಲಗಿ, ಎರಡು ದಿನ ಅನ್ನದ ಅಗುಳು ಇಳಿದರೂ ಎದೆ ಉರಿಯುತ್ತಿತ್ತು.

ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದೆಯಲ್ಲ, ಅದು ಡಿಸೈನ್ ಅಲ್ಲ, ಡಾಕ್ಟರ ಚೀಟಿ ಇಲ್ಲದೆ ಮುಟ್ಟಬೇಡ ಅಂತ. ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕಂಡವರು, 1945ರಲ್ಲಿ ನೊಬೆಲ್ ತೆಗೆದುಕೊಳ್ಳುವಾಗಲೇ, ಅರೆಬರೆ ಡೋಸ್ ನುಂಗಿದರೆ ಬ್ಯಾಕ್ಟೀರಿಯಾ ಪಳಗುತ್ತದೆ ಅಂತ ಎಚ್ಚರಿಸಿದ್ದರು. ನಿನ್ನ ರೂಮ್‌ಮೇಟ್‌ಗೂ ಹೇಳು, ಅವಳಿಗೆ ಮೂರು ಉಳಿದಿದ್ದಾದರೂ ಯಾಕೆ?

ಇನ್ನು ಮೇಲೆ ಯಾವ ಮಾತ್ರೆ ಆದರೂ ನನಗೆ ಫೋಟೋ ಕಳಿಸು. ದಪ್ಪಕ್ಷರದ ಹೆಸರು ಬೇಡ, ಸಣ್ಣಕ್ಷರ ಕಾಣಬೇಕು. ರಾತ್ರಿ ಹತ್ತರವರೆಗೂ ಎಚ್ಚರ ಇರುತ್ತೇನೆ.

ನಿನ್ನ ಅತ್ತೆ