‘ಎಂಡ್ಯೂರೆನ್ಸ್’ ಡೆಕ್ಕಿನ ಮೇಲಿನ ಋಣಗಳು

ಧ್ರುವ ಪ್ರದೇಶಗಳ ಬ್ರಿಟಿಷ್ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್ಟನ್ 1914ರಲ್ಲಿ ಅಂಟಾರ್ಕ್ಟಿಕಾಕ್ಕೆ ಕೊಂಡೊಯ್ದ ‘ಎಂಡ್ಯೂರೆನ್ಸ್’ ಹಡಗಿನ ಮಾದರಿ ಕೊನೆಗೂ ಮುಗಿದು ಗಾಜಿನ ಪೆಟ್ಟಿಗೆಯೊಳಗೆ ಸೇರಿದೆ. ಒಂದಕ್ಕೆ ಎಪ್ಪತ್ತರ ಅಳತೆಯಲ್ಲಿ ಕಟ್ಟಿದ ಅದರ ಒಡಲು ಸುಮಾರು 63 ಸೆಂಟಿಮೀಟರ್ ಉದ್ದ, 11 ಸೆಂಟಿಮೀಟರ್ ಅಗಲ ಇದೆ. ನೋಡಲು ಬಂದವರೆಲ್ಲ ಮೊದಲು ಹಾಯಿಗಳನ್ನೂ ಹಗ್ಗಗಳ ಬಲೆಯನ್ನೂ ಮೆಚ್ಚುತ್ತಾರೆ. ಹಗ್ಗ ಕಟ್ಟುವ ಕೆಲಸಕ್ಕೆ ತಾಳ್ಮೆಯೊಂದಿದ್ದರೆ ಸಾಕು. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ನನ್ನನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ್ದು ಡೆಕ್ಕು, ಅಂದರೆ ಹಡಗಿನ ಮೇಲ್ಭಾಗದ ಹಲಗೆಯ ನೆಲ. ಅಂಗೈಯಗಲದ ಆ ಜಾಗದಲ್ಲಿ ಏನಿತ್ತು, ಎಲ್ಲಿತ್ತು, ಎಂದಿನಿಂದ ಎಂದಿನವರೆಗೆ ಇತ್ತು ಎಂಬುದನ್ನು ತಿಳಿಯಲು ನೆರವಾದವರು ಹಲವರು. ಅವರಲ್ಲಿ ಹೆಚ್ಚಿನವರ ಮುಖವನ್ನೇ ನಾನು ಕಂಡಿಲ್ಲ, ಕೆಲವರು ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಅವರೆಲ್ಲರಿಗೂ ಬಹಿರಂಗವಾಗಿ ಕೃತಜ್ಞತೆ ಸಲ್ಲಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಹಡಗು ಕಟ್ಟಲ್ಪಟ್ಟದ್ದು ನಾರ್ವೆಯ ಸಾಂದೆಫ್ಯೂರ್ ಪಟ್ಟಣದ ಫ್ರಾಮ್‌ನೆಸ್ ಹಡಗುಕಟ್ಟೆಯಲ್ಲಿ. 1912ರ ಡಿಸೆಂಬರ್ 17ರಂದು ನೀರಿಗಿಳಿದಾಗ ಅದರ ಹೆಸರು ‘ಪೋಲಾರಿಸ್’ ಎಂದಿತ್ತು. ಬೆಲ್ಜಿಯಂನ ಆದ್ರಿಯಾಂ ದ ಗೆರ್ಲಾಶ್ ಮತ್ತು ನಾರ್ವೆಯ ಲಾರ್ಸ್ ಕ್ರಿಸ್ಟೆನ್‌ಸೆನ್ ಇಬ್ಬರೂ ಸೇರಿ, ಹಣವಂತ ಪ್ರವಾಸಿಗರನ್ನೂ ಬೇಟೆಗಾರರನ್ನೂ ಧ್ರುವ ಪ್ರದೇಶಕ್ಕೆ ಕರೆದೊಯ್ಯುವ ಉದ್ದೇಶದಿಂದ ಅದನ್ನು ಕಟ್ಟಿಸಿದ್ದರು. ಹಣಕಾಸಿನ ತೊಡಕಿನಿಂದ ಆ ಯೋಜನೆ ಮುರಿದುಬಿದ್ದ ಮೇಲೆ ಹಡಗು ಶ್ಯಾಕಲ್ಟನ್ನರ ಕೈಸೇರಿ ಹೊಸ ಹೆಸರು ಪಡೆಯಿತು. ಕಟ್ಟುವಾಗಿನ ನಕ್ಷೆಯ ಪ್ರತಿಯೊಂದು ನನಗೆ ದೊರೆತಾಗ, ಅದರ ಮೇಲಿನ ನಾರ್ವೇಜಿಯನ್ ಸಂಕ್ಷಿಪ್ತಾಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದವರು ಸಾಂದೆಫ್ಯೂರ್‌ನ ಒಬ್ಬ ನಿವೃತ್ತ ಹಡಗು ನಕ್ಷೆಗಾರರು. ಪರಿಚಯವೇ ಇಲ್ಲದ ಭಾರತೀಯನೊಬ್ಬನ ಪತ್ರಕ್ಕೆ ಅವರು ಪುಟಗಟ್ಟಲೆ ಉತ್ತರ ಬರೆದು, ಡೆಕ್ಕಿನ ತೊಲೆಗಳ ಅಡ್ಡಕೊಯ್ತವನ್ನು ತಾವೇ ಪೆನ್ಸಿಲಿನಲ್ಲಿ ತಿದ್ದಿ ಕಳುಹಿಸಿದರು. ಅವರಿಗೆ ನನ್ನ ಮೊದಲ ವಂದನೆ.

ನಕ್ಷೆ ಸಿಕ್ಕಿತು, ಇನ್ನು ಅಳತೆಗೆ ತಕ್ಕಂತೆ ಮರ ಕೊಯ್ಯುವುದಷ್ಟೇ ಉಳಿದಿದೆ ಎಂದು ನಾನು ಹೊರಟಿದ್ದಾಗ ಮಂಗಳೂರಿನ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರು ವಾಣಿಜ್ಯ ನೌಕೆಗಳಲ್ಲಿ ದೀರ್ಘ ಕಾಲ ಅಧಿಕಾರಿಯಾಗಿದ್ದವರು. “ನೀವು ಮಾಡುತ್ತಿರುವುದು ಯಾವ ದಿನದ ಹಡಗು?” ಎಂದರು. ನಕ್ಷೆಯಲ್ಲಿರುವುದು ಹಡಗುಕಟ್ಟೆಯಿಂದ ಹೊರಬಿದ್ದ ದಿನದ ಹಡಗು. ಸಮುದ್ರಕ್ಕೆ ಬಿದ್ದ ಮೇಲೆ ಡೆಕ್ಕನ್ನು ಬಡಗಿಯೂ ಸರಕೂ ಹವೆಯೂ ಪ್ರತಿ ವಾರ ಬದಲಾಯಿಸುತ್ತಿರುತ್ತವೆ ಎಂಬುದು ಅವರ ಮಾತಿನ ತಾತ್ಪರ್ಯ. ನನ್ನ ಇಡೀ ಹುಡುಕಾಟಕ್ಕೆ ದಾರಿ ತೋರಿದ್ದು ಈ ಒಂದು ಪ್ರಶ್ನೆಯೇ. 1914ರ ಆಗಸ್ಟ್ 8ರಂದು ಪ್ಲಿಮತ್ ಬಿಟ್ಟ ಹಡಗಿನ ಡೆಕ್ಕಿನ ಮೇಲೆ ಸ್ಲೆಡ್ಜ್ (ಹಿಮಬಂಡಿ) ಎಳೆಯುವ ನಾಯಿಗಳಿರಲಿಲ್ಲ. ಕೆನಡಾದಿಂದ ತರಿಸಿದ 69 ನಾಯಿಗಳು ಹತ್ತಿದ್ದು ಬ್ಯೂನಸ್ ಐರಿಸ್‌ನಲ್ಲಿ. ಡಿಸೆಂಬರ್ 5ರಂದು ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್‌ವಿಕನ್ ಬಿಟ್ಟಾಗ ನಾಯಿಗಳ ಆಹಾರಕ್ಕೆಂದು ಒಂದು ಟನ್ನಿನಷ್ಟು ತಿಮಿಂಗಿಲದ ಮಾಂಸ ಹಗ್ಗಗಳಲ್ಲಿ, ನಾಯಿಗಳ ಬಾಯಿಗೆ ಎಟುಕದ ಎತ್ತರದಲ್ಲಿ ತೂಗುತ್ತಿತ್ತು. 1915ರ ಜನವರಿ ನಡುಭಾಗದಲ್ಲಿ ಹಡಗು ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕಿಕೊಂಡ ಬಳಿಕ ನಾಯಿಗಳನ್ನು ಹಿಮದ ಮೇಲೆ ಕಟ್ಟಿದ ಗೂಡುಗಳಿಗೆ ಸಾಗಿಸಲಾಯಿತು. ಆಗಸ್ಟ್ ಹೊತ್ತಿಗೆ ಹಿಮ ಒಡೆಯತೊಡಗಿದಾಗ ಮತ್ತೆ ಮೇಲಕ್ಕೆ ತರಲಾಯಿತು. ಹೀಗಿರುವಾಗ ದಿನವನ್ನು ನಿಗದಿಪಡಿಸದೆ ಒಂದು ಗೂಡನ್ನೂ ಅಂಟಿಸುವಂತಿಲ್ಲ. ನಾನು 1914ರ ಡಿಸೆಂಬರ್ ನಡುಭಾಗವನ್ನು ಆರಿಸಿಕೊಂಡೆ. ಹಡಗು ಇನ್ನೂ ಚಲಿಸುತ್ತಿದೆ, ಡೆಕ್ಕಿನ ಮೇಲೆ ಕಾಲಿಡಲು ಜಾಗವಿಲ್ಲ, ಮುಂದೇನಾಗಲಿದೆ ಎಂಬುದು ಯಾರಿಗೂ ಗೊತ್ತಿಲ್ಲ. ಆ ದಿನಗಳ ಹಡಗೇ ನನಗೆ ಇಷ್ಟವಾಯಿತು.

ಆ ದಿನಗಳನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಯಾನದ ಛಾಯಾಗ್ರಾಹಕ ಫ್ರಾಂಕ್ ಹರ್ಲಿ. ಕೂವೆಮರದ ಅಡ್ಡತೊಲೆಯ ಮೇಲೂ ಮೂತಿಯ ಮುಂಚಾಚಿನ ತುದಿಯಲ್ಲೂ ಭಾರವಾದ ಕ್ಯಾಮೆರಾ ಹಿಡಿದು ಕೂರುತ್ತಿದ್ದ ಆ ಮನುಷ್ಯನ ಹುಂಬತನವಿಲ್ಲದಿದ್ದರೆ ಡೆಕ್ಕನ್ನು ಮೇಲಿನಿಂದ ನೋಡುವ ಭಾಗ್ಯ ನನ್ನಂಥವರಿಗೆ ಇರುತ್ತಿರಲಿಲ್ಲ. ಹಿಮದ ಒತ್ತಡಕ್ಕೆ ಹಡಗು ಒಡೆದು ನೀರು ತುಂಬಿದ ಮೇಲೆ ಅವರು ಆ ಮಂಜುನೀರಿಗಿಳಿದು ಗಾಜಿನ ನೆಗೆಟಿವ್‌ಗಳಿದ್ದ ಡಬ್ಬಿಗಳನ್ನು ಹೊರತೆಗೆದದ್ದೂ, ಎಲ್ಲವನ್ನೂ ಹೊರಲಾಗದೆ ಶ್ಯಾಕಲ್ಟನ್ನರ ಜೊತೆ ಕುಳಿತು ಸುಮಾರು 120ನ್ನು ಉಳಿಸಿಕೊಂಡು 400ರಷ್ಟನ್ನು ಒಡೆದುಹಾಕಿದ್ದೂ ಪ್ರಸಿದ್ಧ ಸಂಗತಿ. ಎಲ್ಲರೂ ಅದನ್ನು ಸಾಹಸವೆಂದು ಓದುತ್ತಾರೆ. ಡೆಕ್ಕಿನ ಎಡಬದಿಯ ಒಂದೇ ಒಂದು ಸ್ಪಷ್ಟ ಚಿತ್ರಕ್ಕಾಗಿ ಒದ್ದಾಡಿದ ನನಗೆ ಮಾತ್ರ ಆ ಒಡೆದ ಗಾಜನ್ನು ನೆನೆದಾಗಲೆಲ್ಲ ಹೊಟ್ಟೆ ಕಿವುಚಿದಂತಾಗುತ್ತದೆ. ಉಳಿದ ಚಿತ್ರಗಳನ್ನು ಶತಮಾನ ಕಾಲ ಜೋಪಾನ ಮಾಡಿದ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ, ಕೇಂಬ್ರಿಜ್‌ನ ಸ್ಕಾಟ್ ಧ್ರುವ ಸಂಶೋಧನಾ ಸಂಸ್ಥೆ ಮತ್ತು ಸಿಡ್ನಿಯ ನ್ಯೂ ಸೌತ್ ವೇಲ್ಸ್ ರಾಜ್ಯ ಗ್ರಂಥಾಲಯ, ಈ ಮೂರಕ್ಕೂ ನಾನು ಋಣಿ.

ಬಣ್ಣದ ವಿಷಯದಲ್ಲಿ ಆಧಾರವೆಂದರೆ ಹರ್ಲಿಯವರ ಕೆಲವೇ ಪ್ಯಾಜೆಟ್ ಫಲಕಗಳು. ಕೆಂಪು, ಹಸಿರು, ನೀಲಿ ಚೌಕಗಳ ಸೂಕ್ಷ್ಮ ಜಾಲರಿಯ ಮೂಲಕ ಕಪ್ಪು ಬಿಳುಪು ಫಲಕದ ಮೇಲೆ ಚಿತ್ರ ತೆಗೆದು, ಅಂಥದ್ದೇ ಇನ್ನೊಂದು ಜಾಲರಿಯನ್ನು ಅದಕ್ಕೆ ಹೊಂದಿಸಿ ನೋಡುವ ಪದ್ಧತಿ ಅದು. ಎರಡನೆಯ ಜಾಲರಿ ಕೂದಲೆಳೆಯಷ್ಟು ಸರಿದರೂ ಮರದ ಕಂದು ಹಸಿರಾಗಿಬಿಡುತ್ತದೆ. ಹಳೆಯ ಚಿತ್ರಗಳನ್ನು ಸರಿಪಡಿಸುವ ಮೈಸೂರಿನ ಸ್ನೇಹಿತರೊಬ್ಬರು ಇದನ್ನು ನನಗೆ ತೋರಿಸಿಕೊಟ್ಟು, ಆ ಫಲಕಗಳಲ್ಲಿ ಯಾವ ಬಣ್ಣವನ್ನು ನಂಬಬಹುದು, ಯಾವುದನ್ನು ನಂಬಬಾರದು ಎಂದು ಗುರುತು ಹಾಕಿಕೊಟ್ಟರು.

ನಾಯಿಗೂಡುಗಳ ವಿಷಯಕ್ಕೆ ಬರುತ್ತೇನೆ. ಹರ್ಲಿಯವರ ಚಿತ್ರಗಳಲ್ಲಿ ಅವು ಡೆಕ್ಕಿನ ಎರಡೂ ಬದಿಯಲ್ಲಿ ಅಂಚುಗೋಡೆಗೆ ಒತ್ತಿಕೊಂಡು ಸಾಲಾಗಿ ನಿಂತಿವೆ. ಪ್ರತಿಯೊಂದರ ಬಾಗಿಲಲ್ಲೂ ಸರಪಳಿಗೆ ಕಟ್ಟಿದ ನಾಯಿ. ಸಾಲು ಎಲ್ಲಿ ಆರಂಭವಾಗುತ್ತದೆ, ಹಗ್ಗ ಬಿಗಿಯುವ ಗೂಟಗಳಿಗೆ ನಾವಿಕರ ಕೈ ಎಟುಕುವಂತೆ ಎಲ್ಲಿ ಸಂದು ಬಿಟ್ಟಿರಬೇಕು ಎಂಬುದನ್ನು ಬರಿಯ ಚಿತ್ರದಿಂದ ತಿಳಿಯುವುದು ಕಷ್ಟ. ಮಂಗಳೂರಿನ ಹಿರಿಯರು ಇಲ್ಲಿಯೂ ನೆರವಿಗೆ ಬಂದರು. ಗಾಳಿ ತಿರುಗಿದಾಗ ಯಾವ ಹಗ್ಗವನ್ನು ಯಾರು ಎಲ್ಲಿ ನಿಂತು ಎಳೆಯಬೇಕೆಂದು ನಮ್ಮ ಮನೆಯ ಜಗಲಿಯ ಮೇಲೆ ಸೀಮೆಸುಣ್ಣದಿಂದ ಡೆಕ್ಕನ್ನು ಬರೆದು, ತಾವೇ ಅದರ ಮೇಲೆ ನಡೆದು ತೋರಿಸಿದರು. ಮನುಷ್ಯ ನಿಲ್ಲಲೇಬೇಕಾದ ಜಾಗಗಳನ್ನು ಬಿಟ್ಟಾಗ ಗೂಡುಗಳಿಗೆ ಉಳಿದ ಜಾಗ ಚಿತ್ರದ ನೆರಳುಗಳೊಂದಿಗೆ ಚೆನ್ನಾಗಿಯೇ ತಾಳೆಯಾಯಿತು. ಹೆಬ್ಬೆರಳ ಉಗುರಿಗಿಂತ ಚಿಕ್ಕದಾದ ಒಂದೊಂದು ಗೂಡಿಗೂ ಹಲಗೆಯ ಗೀರು, ಇಳಿಜಾರಿನ ಮುಚ್ಚಿಗೆ, ಬಾಗಿಲ ಮುಂದೆ ತಾಮ್ರದ ತಂತಿಯ ಸರಪಳಿ ಕೂರಿಸಿದ್ದೇನೆ. ತಿಮಿಂಗಿಲದ ಮಾಂಸದ ತುಂಡುಗಳನ್ನು ಮೇಣ ಮತ್ತು ಜೇಡಿಯಲ್ಲಿ ಮಾಡಿ, ಕೆಂಪುಗಪ್ಪು ಬಳಿದು, ಸಸ್ಯಾಹಾರಿಗಳ ಮನೆಯ ಊಟದ ಮೇಜಿನ ಮೇಲೆ ಒಣಗಲು ಇಟ್ಟಿದ್ದನ್ನು ಸಹಿಸಿಕೊಂಡ ನನ್ನ ಪತ್ನಿಗೆ ಪ್ರತ್ಯೇಕ ವಂದನೆ ಸಲ್ಲಬೇಕು.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ವಸ್ತು ಡೆಕ್ಕಿನ ಯಾವ ನಕ್ಷೆಯಲ್ಲಿಯೂ ಇಲ್ಲದ ಒಂದು ಕೈಮರ. ಚುಕ್ಕಾಣಿಯ ಚಕ್ರ ಇರುವುದು ಹಡಗಿನ ಹಿಂಬದಿಯಲ್ಲಿ. ಹಿಮದ ಬಂಡೆಗಳ ನಡುವೆ ದಾರಿ ಹುಡುಕುವ ಅಧಿಕಾರಿ ನಿಲ್ಲುವುದು ಅದಕ್ಕಿಂತ ಮುಂದಿನ, ಬ್ರಿಜ್ ಎಂಬ ಎತ್ತರದ ಅಟ್ಟದ ಮೇಲೆ. ಗಾಳಿ, ಎಂಜಿನ್ನಿನ ಸದ್ದು, ನಾಯಿಗಳ ಬೊಗಳಾಟದ ನಡುವೆ ಕೂಗಿ ಹೇಳಿ ಗಂಟಲು ಕಟ್ಟುತ್ತಿದ್ದುದರಿಂದ, ಚಕ್ರವನ್ನು ಎತ್ತ, ಎಷ್ಟು ತಿರುಗಿಸಬೇಕೆಂದು ತೋರಿಸಲು ಹಡಗಿನ ಬಡಗಿ ಆರಡಿ ಎತ್ತರದ ಮರದ ಕೈಮರವೊಂದನ್ನು ಬ್ರಿಜ್ ಮೇಲೆ ನಿಲ್ಲಿಸಿದ. ಯಾನದ ದಾಖಲೆಯಲ್ಲಿ ಇದಕ್ಕೆ ಸಂದಿರುವುದು ಒಂದೆರಡು ವಾಕ್ಯ ಮಾತ್ರ; ಇಂಗ್ಲೆಂಡಿನ ಮಾದರಿಕಾರರೊಬ್ಬರು ಅದನ್ನು ನನ್ನ ಗಮನಕ್ಕೆ ತಂದಿರದಿದ್ದರೆ ನಾನು ಓದಿಯೂ ದಾಟಿಹೋಗುತ್ತಿದ್ದೆನೇನೋ. ನನ್ನ ಮಾದರಿಯಲ್ಲಿ ಅದು 26 ಮಿಲಿಮೀಟರ್ ಎತ್ತರದ ಕಡ್ಡಿ. ಅದರ ತೋಳು ಅಲುಗಾಡುತ್ತದೆ.

ದೋಣಿಗಳ ವಿಷಯದಲ್ಲಿ ದಿನದ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. ಮೂರರಲ್ಲಿ ದೊಡ್ಡದಾದ ‘ಜೇಮ್ಸ್ ಕೇರ್ಡ್’ ಇಂದಿಗೂ ಲಂಡನ್ನಿನ ಡಲ್ಲಿಚ್ ಕಾಲೇಜಿನಲ್ಲಿ ಇರುವುದರಿಂದ ಅದನ್ನು ಅಳೆದು ಮಾಡುವುದು ಸುಲಭವೆಂದು ತೋರುತ್ತದೆ. ಆದರೆ ಹಡಗು ಮುಳುಗಿದ ಮೇಲೆ ತಂಡ ಆಶ್ರಯ ಪಡೆದ ಎಲಿಫೆಂಟ್ ದ್ವೀಪದಿಂದ, ನೆರವು ತರಲು ದಕ್ಷಿಣ ಜಾರ್ಜಿಯಾಕ್ಕೆ 800 ಮೈಲಿ ಸಾಗಿದ ಆ ದೋಣಿಯ ಪಕ್ಕಗಳನ್ನು ಎತ್ತರಿಸಿದ್ದು ಹಡಗು ಕಳೆದುಕೊಂಡ ಮೇಲೆ, ಹಿಮದ ಮೇಲಿನ ಶಿಬಿರದಲ್ಲಿ. ಸ್ಲೆಡ್ಜ್ ಹಲಗೆ, ಪೆಟ್ಟಿಗೆಗಳ ಮುಚ್ಚಳ, ಕ್ಯಾನ್ವಾಸು ಸೇರಿಸಿ ಮೇಲ್ಮುಚ್ಚಿಗೆ ಹಾಕಿದ್ದು ಇನ್ನೂ ಆಮೇಲೆ, ಎಲಿಫೆಂಟ್ ದ್ವೀಪದಲ್ಲಿ. 1914ರ ಡಿಸೆಂಬರಿನಲ್ಲಿ ಅದು ತೆರೆದ ಮೈಯ, ತಗ್ಗು ಅಂಚಿನ ಸಾಧಾರಣ ದೋಣಿ. ಹಾಗೆಯೇ ಮಾಡಿದ್ದೇನೆ, ‘ಮುಚ್ಚಿಗೆ ಎಲ್ಲಿ?’ ಎಂದು ಕೇಳುವವರಿಗೆ ಉತ್ತರ ಹೇಳುವುದೂ ಈಗ ಒಂದು ಸುಖ.

ಹಡಗಿನ ಹಿಂಬದಿಗೆ ಸಾಕ್ಷಿ ಒದಗಿದ್ದು ಸಮುದ್ರದ ತಳದಿಂದ. 1915ರ ನವೆಂಬರ್ 21ರಂದು ಮುಳುಗಿದ ಹಡಗು 2022ರ ಮಾರ್ಚ್ 5ರಂದು 3,008 ಮೀಟರ್ ಆಳದಲ್ಲಿ ಪತ್ತೆಯಾಯಿತು. ಕ್ಯಾಪ್ಟನ್ ಫ್ರಾಂಕ್ ವರ್ಸ್ಲಿ ದಾಖಲಿಸಿದ್ದ ಜಾಗಕ್ಕಿಂತ ಸುಮಾರು ನಾಲ್ಕು ಮೈಲಿ ದಕ್ಷಿಣಕ್ಕೆ. ಮರ ಕೊರೆಯುವ ಹುಳುಗಳು ಆ ನೀರಿನಲ್ಲಿ ಇಲ್ಲದ್ದರಿಂದ ಒಡಲು ನೆಟ್ಟಗೆ ಕುಳಿತೇ ಇದೆ. ಕೂವೆಮರಗಳು ಬಿದ್ದು ಹಗ್ಗಗಳು ಸಿಕ್ಕುಗಟ್ಟಿವೆ, ಆದರೆ ಚುಕ್ಕಾಣಿಯ ಚಕ್ರ ತನ್ನ ಜಾಗದಲ್ಲೇ ಇದೆ. ಹಿಂಬದಿಯಲ್ಲಿ ಕಮಾನಿನಂತೆ ಬರೆದ ಹೆಸರೂ, ಅದರ ಕೆಳಗೆ ‘ಪೋಲಾರಿಸ್’ ಕಾಲದಿಂದ ಉಳಿದ ಐದು ಮೂಲೆಯ ನಕ್ಷತ್ರವೂ ಓದಲು ಬರುತ್ತವೆ. ಸಾವಿರಾರು ಚಿತ್ರಗಳನ್ನು ಜೋಡಿಸಿ ತಯಾರಿಸಿದ ಮೂರು ಆಯಾಮದ ರೂಪ 2024ರಲ್ಲಿ ಹೊರಬಂದಾಗ, ಚಕ್ರದ ಅಕ್ಕಪಕ್ಕದ ಹಲಗೆಗಳನ್ನು ಹರ್ಲಿಯವರ ಚಿತ್ರಗಳ ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸಿ ಕೊಟ್ಟವಳು ನನ್ನ ಮಗಳು. ತನ್ನ ಕಚೇರಿಯ ಕೆಲಸ ಮುಗಿಸಿ ರಾತ್ರಿ ಹೊತ್ತು ಅವಳು ಮಾಡಿದ ಈ ಕೆಲಸವನ್ನು ಮನೆಯವಳೆಂಬ ಕಾರಣಕ್ಕೆ ಇಲ್ಲಿ ಬಿಟ್ಟುಬಿಡುವುದು ಸರಿಯಲ್ಲ. ನೆಲೆಯನ್ನು ಹುಡುಕಿದ ಫಾಕ್‌ಲ್ಯಾಂಡ್ಸ್ ಸಾಗರ ಪರಂಪರೆ ಟ್ರಸ್ಟ್‌ನವರು ಅಲ್ಲಿಂದ ಒಂದು ಮೊಳೆಯನ್ನೂ ಎತ್ತದೆ, ನೋಡಿದ್ದನ್ನು ಮಾತ್ರ ತಂದರು. ಅದಕ್ಕಾಗಿ ಅವರ ಮೇಲೆ ನನಗೆ ಹೆಚ್ಚಿನ ಗೌರವ.

ಇಲ್ಲಿಯವರ ಋಣವೂ ಕಡಿಮೆಯಿಲ್ಲ. ಹಲಗೆಗಳ ಸಂದಿಯಲ್ಲಿ ಕಾಣುವ ಕಪ್ಪು ಗೆರೆಯನ್ನು ನಾನು ಬರಿಯ ಅಲಂಕಾರದಂತೆ ಎಳೆಯಲು ಹೊರಟಿದ್ದಾಗ, ಮರದ ಮೀನುಗಾರಿಕೆ ದೋಣಿ ಕಟ್ಟುವ ಗಂಗೊಳ್ಳಿಯ ಹಿರಿಯ ಬಡಗಿಯೊಬ್ಬರು ನಾರು ತುಂಬಿ ಉಳಿಯಿಂದ ಹೊಡೆದು ಕೂರಿಸುವ ಕ್ರಮವನ್ನು ಕೈಯಾರೆ ತೋರಿಸಿದರು. ಎರಡು ಹಲಗೆಗಳ ತುದಿ ಒಂದೇ ತೊಲೆಯ ಮೇಲೆ ಅಕ್ಕಪಕ್ಕ ಸೇರಬಾರದೇಕೆ ಎಂಬುದನ್ನೂ ಅವರೇ ಹೇಳಿಕೊಟ್ಟರು. ನಾರ್ವೆಯ ನಕ್ಷೆಗಾರರು ಬರೆದು ಕಳಿಸಿದ್ದ ನಿಯಮಕ್ಕೂ ಗಂಗೊಳ್ಳಿಯ ನಿಯಮಕ್ಕೂ ಒಂದು ಕೂದಲಿನ ವ್ಯತ್ಯಾಸವಿರಲಿಲ್ಲ. ಹಗ್ಗ ಬಿಗಿಯುವ ಗೂಟಗಳನ್ನೂ ರಾಟೆಗಳನ್ನೂ ಚನ್ನಪಟ್ಟಣದ ಚಕ್ರಗಾರರೊಬ್ಬರು ಆಲೆಮರದಲ್ಲಿ ಕಡೆದುಕೊಟ್ಟರು. ಆರು ಮಿಲಿಮೀಟರ್ ಉದ್ದದ ಗೂಟಕ್ಕೆ ಕುತ್ತಿಗೆ, ಹೊಟ್ಟೆ, ಬಾಲ ಎಲ್ಲವೂ ಬೇಕು ಎಂದಾಗ ಅವರು ನಕ್ಕು, “ಇದಕ್ಕೆ ಅರಗಿನ ಬಣ್ಣ ಬೇಡವೇ?” ಎಂದಷ್ಟೇ ಕೇಳಿದರು. ಬೇಡವೆಂದದ್ದು ಅವರಿಗೆ ತುಸು ಬೇಸರ ತಂದಿತೆಂದು ಕಾಣುತ್ತದೆ.

ಕೊನೆಯದಾಗಿ ಹೆಸರಿಸಬೇಕಾದವರು ಬಡಗಿ ಹ್ಯಾರಿ ಮೆಕ್‌ನಿಶ್. ಕೈಮರ ಅವರದು, ‘ಜೇಮ್ಸ್ ಕೇರ್ಡ್’ ಎತ್ತರಿಸಿದ ಕೆಲಸ ಅವರದು, 1915ರ ಅಕ್ಟೋಬರಿನಲ್ಲಿ ಒಳನುಗ್ಗುತ್ತಿದ್ದ ನೀರನ್ನು ತಡೆಯಲು ಹಡಗಿನ ಹಿಂಭಾಗದೊಳಗೆ ಅಡ್ಡಗೋಡೆ ಕಟ್ಟಿದವರೂ ಅವರೇ. ಹಿಮದ ಮೇಲಿನ ನಡಿಗೆಯಲ್ಲಿ ಒಮ್ಮೆ ಮೇಲಿನವರ ಆಜ್ಞೆಗೆ ಎದುರು ನಿಂತದ್ದಕ್ಕೆ ಈ ಬಡಗಿಯ ಹೆಸರನ್ನು ಶ್ಯಾಕಲ್ಟನ್ ಧ್ರುವ ಪದಕಕ್ಕೆ ಶಿಫಾರಸು ಮಾಡಲಿಲ್ಲ. ಶ್ಯಾಕಲ್ಟನ್ನರ ನಾಯಕತ್ವವನ್ನು ಮೆಚ್ಚುವ ನನಗೂ ಈ ಒಂದು ವಿಷಯದಲ್ಲಿ ಅವರ ಪರ ವಾದಿಸಲು ಮನಸ್ಸಾಗುವುದಿಲ್ಲ. ಆ ಬಡಗಿಯ ಉಳಿ ಇಲ್ಲದೆ ದೋಣಿ ದಕ್ಷಿಣ ಜಾರ್ಜಿಯಾ ಮುಟ್ಟುತ್ತಿರಲಿಲ್ಲ. ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದ ಕರೋರಿ ಸ್ಮಶಾನದಲ್ಲಿರುವ ಅವರ ಸಮಾಧಿಯ ಮೇಲೆ 2004ರಲ್ಲಿ ಅವರ ಬೆಕ್ಕು ‘ಮಿಸೆಸ್ ಚಿಪ್ಪಿ’ಯ ಕಂಚಿನ ಪ್ರತಿಮೆ ಇರಿಸಲಾಯಿತು. ಹೆಸರು ಹಾಗಿದ್ದರೂ ಅದು ಗಂಡುಬೆಕ್ಕು. ನನ್ನ ಮಾದರಿಯಲ್ಲಿ ಅದು ಒಂದು ನಾಯಿಗೂಡಿನ ಚಾವಣಿಯ ಮೇಲಿದೆ. ಭೂತಗನ್ನಡಿ ಇಲ್ಲದೆ ಕಾಣುವುದಿಲ್ಲ.

ಈ ಕೆಲಸದಲ್ಲಿ ಕೂಡಿಬಂದ ಅಳತೆಗಳು, ಚಿತ್ರಗಳಿಂದ ತೆಗೆದ ರೇಖಾಚಿತ್ರಗಳು, ಪತ್ರಗಳ ಸಾರ, ಯಾವ ವಸ್ತು ಯಾವ ತಿಂಗಳಿನಿಂದ ಡೆಕ್ಕಿನ ಮೇಲಿತ್ತು ಎಂಬ ಪಟ್ಟಿ, ಇವೆಲ್ಲವನ್ನೂ ಕನ್ನಡದಲ್ಲಿ ಒಂದು ಕಡತವಾಗಿ ಜೋಡಿಸಿದ್ದೇನೆ. ನೆರವಾದವರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಇದೇ ಹಡಗನ್ನು ಕಟ್ಟಲು ಹೊರಟವರಿಗೆ ಅದರ ಪ್ರತಿಯನ್ನು ಉಚಿತವಾಗಿ ಕೊಡುತ್ತೇನೆ; ಬೇರೆ ದಿನದ ಹಡಗನ್ನು ಕಟ್ಟುವವರು ಪಟ್ಟಿಯ ಮೂರನೆಯ ಭಾಗದಿಂದ ಓದಲು ಆರಂಭಿಸಿದರೆ ಸಾಕು.