ಚಿಪ್‌ನ ಸುದ್ದಿಯಲ್ಲಿ ಕಂಪೈಲರ್‌ಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಸೆಮಿಕಾನ್ ಇಂಡಿಯಾ ಸಮಾವೇಶದಲ್ಲಿ ಇಸ್ರೊದ ರಾಕೆಟ್‌ಗಳಿಗಾಗಿ ರೂಪಿಸಿದ ‘ವಿಕ್ರಮ್ 3201’ ಪ್ರೊಸೆಸರ್ ಅನ್ನು ಪ್ರಧಾನಿಯವರ ಕೈಗಿತ್ತಂದಿನಿಂದ ದೇಶೀ ಚಿಪ್‌ಗಳ ಕುರಿತು ಪತ್ರಿಕೆಗಳಲ್ಲಿ ಬರುವ ವರದಿಗಳನ್ನು ಬಿಡದೆ ಓದುತ್ತಿದ್ದೇನೆ. ಎಷ್ಟು ಬಿಟ್, ಎಷ್ಟು ನ್ಯಾನೊಮೀಟರ್, ಯಾವ ಕಾರ್ಖಾನೆ ಎಂಬ ವಿವರಗಳೆಲ್ಲ ಅವುಗಳಲ್ಲಿ ಇರುತ್ತವೆ. ಆ ಚಿಪ್‌ಗೆ ಪ್ರೋಗ್ರಾಂ ಬರೆಯುವುದು ಹೇಗೆ, ಬರೆದದ್ದನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಯಾರದು, ತಪ್ಪು ಹುಡುಕುವ ಡೀಬಗರ್ ಎಲ್ಲಿ ಸಿಗುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಮೀಟರು, ಪಂಪು, ಲಿಫ್ಟುಗಳ ಒಳಗೆ ಕೂರುವ ಸಣ್ಣ ಪ್ರೊಸೆಸರ್‌ಗಳಿಗೆ ಪ್ರೋಗ್ರಾಂ ಬರೆದೇ ನಿವೃತ್ತನಾದ ನನ್ನಂಥವನಿಗೆ ಈ ಕೊರತೆ ಎದ್ದು ಕಾಣುತ್ತದೆ. ಇಂಥ ಪ್ರೊಸೆಸರ್ ಬಳಕೆಗೆ ಬರುವುದೋ ಮೂಲೆ ಸೇರುವುದೋ ಎಂಬುದನ್ನು ಅದರ ವೇಗಕ್ಕಿಂತ ಹೆಚ್ಚಾಗಿ ಅದರ ಜೊತೆಗಿರುವ ಉಪಕರಣಗಳೇ ನಿರ್ಧರಿಸುತ್ತವೆ ಎನ್ನುವುದಕ್ಕೆ ಐವತ್ತು ವರ್ಷಗಳ ಇತಿಹಾಸವೇ ಇದೆ.

ಇಂಟೆಲ್ ಸಂಸ್ಥೆಯ ಮೊದಲ ಮೈಕ್ರೊಪ್ರೊಸೆಸರ್ 4004 ಬಂದ 1971ರಲ್ಲೇ, ಅಲ್ಲಿಯೇ ಕೆಲಸ ಮಾಡುತ್ತಿದ್ದ ಡೋವ್ ಫ್ರೋಮನ್ ರೂಪಿಸಿದ ಇಪ್ರಾಮ್ ಎಂಬ ಅಳಿಸಿ ಬರೆಯಬಹುದಾದ ಮೆಮೊರಿಯೂ ಬಂದಿತು. ಎರಡನೆಯದಿಲ್ಲದೆ ಮೊದಲನೆಯದು ಅಷ್ಟು ಬೇಗ ಹರಡುತ್ತಿತ್ತೆಂದು ನನಗನ್ನಿಸುವುದಿಲ್ಲ. ಇಪ್ರಾಮ್‌ನ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ ಇರುತ್ತಿತ್ತು. ಅದರ ಮೂಲಕ ಇಪ್ಪತ್ತು ನಿಮಿಷದಷ್ಟು ಹೊತ್ತು ಅತಿನೇರಳೆ ಕಿರಣ ಬಿದ್ದರೆ ಒಳಗಿದ್ದುದೆಲ್ಲ ಒಟ್ಟಿಗೆ ಅಳಿಸಿಹೋಗುತ್ತಿತ್ತು. ಪ್ರೋಗ್ರಾಂನ ಒಂದು ಸಾಲು ಬದಲಾಯಿಸಬೇಕೆಂದರೂ ಫೈಲ್ ತಿದ್ದಿ, ಅದನ್ನು ಯಂತ್ರಭಾಷೆಗೆ ಇಳಿಸುವ ಅಸೆಂಬ್ಲರ್ ಮತ್ತು ತುಂಡುಗಳನ್ನು ಜೋಡಿಸುವ ಲಿಂಕರ್ ಓಡಿಸಿ, ಸಿಕ್ಕ ಹೆಕ್ಸ್ ಫೈಲ್ ಅನ್ನು ಅಳಿಸಿಟ್ಟ ಚಿಪ್‌ಗೆ ಬರ್ನ್ ಮಾಡಿ, ಅಂದರೆ ಬರೆದು, ಕಿಟಕಿಗೆ ಕಾಗದ ಅಂಟಿಸಿ, ಸಾಕೆಟ್‌ನಲ್ಲಿ ಚಿಪ್‌ನ ಕಾಲು ಮುರಿಯದಂತೆ ಕೂರಿಸಿ, ಕರೆಂಟ್ ಕೊಟ್ಟು, ಎಲ್‌ಇಡಿ ಮಿನುಗುತ್ತದೆಯೇ ಎಂದು ಕಾಯಬೇಕಿತ್ತು. ಮಿನುಗದಿದ್ದರೆ ಏಕೆಂದು ತಿಳಿಯುವ ದಾರಿಯಿರಲಿಲ್ಲ. ಆದ್ದರಿಂದಲೇ ಆ ಕಾಲದವರು ಬರ್ನ್ ಮಾಡುವ ಮೊದಲು ಪ್ರೋಗ್ರಾಂ ಅನ್ನು ಕಾಗದದ ಮೇಲೆ ಸಾಲುಸಾಲಾಗಿ ಓದುತ್ತಿದ್ದರು. ಆ ಅಭ್ಯಾಸ ಹೋದದ್ದು ನಷ್ಟವೆಂದೇ ನನ್ನ ಅನಿಸಿಕೆ, ಆದರೆ ಅದು ಈ ಪತ್ರದ ವಿಷಯವಲ್ಲ.

ಆ ಕುರುಡುತನಕ್ಕೆ 1970ರ ದಶಕದ ನಡುವಿನಲ್ಲಿ ಸಿಕ್ಕ ಮದ್ದು ಇನ್-ಸರ್ಕ್ಯೂಟ್ ಎಮ್ಯುಲೇಟರ್. ಬೋರ್ಡಿನಿಂದ ಪ್ರೊಸೆಸರ್ ಅನ್ನು ಕಿತ್ತು, ಅದೇ ಸಾಕೆಟ್‌ಗೆ ಅಷ್ಟೇ ಕಾಲುಗಳ ಪ್ಲಗ್ ಸಿಕ್ಕಿಸಿ, ಕೇಬಲ್ಲಿನ ಇನ್ನೊಂದು ತುದಿಯನ್ನು ದೊಡ್ಡ ಪೆಟ್ಟಿಗೆಯೊಂದಕ್ಕೆ ಜೋಡಿಸಿದರೆ, ಬೋರ್ಡಿನ ಪಾಲಿಗೆ ಆ ಪೆಟ್ಟಿಗೆಯೇ ಪ್ರೊಸೆಸರ್. ಬೇಕೆಂದ ವಿಳಾಸದಲ್ಲಿ ಪ್ರೋಗ್ರಾಂ ನಿಲ್ಲಿಸಬಹುದಿತ್ತು, ಪ್ರೊಸೆಸರ್ ಲೆಕ್ಕ ಇಟ್ಟುಕೊಳ್ಳುವ ಒಳಗೂಡುಗಳಾದ ರಿಜಿಸ್ಟರ್‌ಗಳನ್ನು ನೋಡಬಹುದಿತ್ತು, ನಿಲ್ಲುವ ಮುನ್ನ ಅದು ನಡೆದುಬಂದ ದಾರಿಯನ್ನು ಹಿಂದಕ್ಕೆ ಓದಬಹುದಿತ್ತು. ಆದರೆ ಬೆಲೆ ಸಣ್ಣ ಕಂಪನಿಗಳಿಗೆ ಎಟುಕುತ್ತಿರಲಿಲ್ಲ, ಮತ್ತು ಒಂದು ಪ್ರೊಸೆಸರ್‌ಗೆ ಕೊಂಡದ್ದು ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಪ್ರೊಸೆಸರ್‌ಗಳ ವೇಗ ಹೆಚ್ಚಿ ಉದ್ದದ ಕೇಬಲ್ ಅದಕ್ಕೆ ಸರಿದೂಗದಾದಾಗ, ಮೆಮೊರಿಯೂ ಚಿಪ್‌ನೊಳಗೇ ಸೇರಿ ಹೊರಗಿನಿಂದ ನೋಡಲು ಅವೆರಡರ ನಡುವಿನ ತಂತಿಗಳ ಸಾಲೇ (ಬಸ್) ಇಲ್ಲವಾದಾಗ, ಸಾಕೆಟ್ ಬದಲು ನೇರವಾಗಿ ಬೋರ್ಡಿಗೆ ಬೆಸೆಯುವ ಸಣ್ಣ ಚಿಪ್‌ಗಳು ಬಂದಾಗ ಆ ಪೆಟ್ಟಿಗೆಗಳ ಕಾಲ ಮುಗಿಯಿತು.

ಅವುಗಳ ಜಾಗ ತುಂಬಿದ್ದು ಬೇರೆಯೇ ಉದ್ದೇಶಕ್ಕೆ ಹುಟ್ಟಿದ ವ್ಯವಸ್ಥೆ. ಐಇಇಇ ಎಂಬ ಎಂಜಿನಿಯರ್‌ಗಳ ಸಂಸ್ಥೆಯ 1990ರ 1149.1 ಮಾನಕ, ಅಂದರೆ ನಾವೆಲ್ಲ ಜೆಟ್ಯಾಗ್ ಎನ್ನುವುದು, ಬೋರ್ಡಿನ ಮೇಲೆ ಚಿಪ್‌ಗಳ ಬೆಸುಗೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಮಾಡಿದ್ದು. ಅದೇ ನಾಲ್ಕೈದು ತಂತಿಗಳ ಮೂಲಕ ಪ್ರೊಸೆಸರ್‌ನ ಒಳಕ್ಕೂ ಇಳಿಯಬಹುದೆಂದು ತಯಾರಕರಿಗೆ ಹೊಳೆಯಿತು. 1990ರ ದಶಕದಲ್ಲಿ ಮನೆಮಾತಾದ ಆರ್ಮ್ 7ಟಿಡಿಎಂಐ ಪ್ರೊಸೆಸರ್‌ನ ಹೆಸರಿನ ‘ಡಿ’ ಡೀಬಗ್‌ಗೂ ‘ಐ’ ಚಿಪ್‌ನೊಳಗೇ ಕೂಡಿಸಿದ ಎಮ್ಯುಲೇಟರ್ ಘಟಕಕ್ಕೂ ಸಲ್ಲುತ್ತವೆ. ಡೀಬಗ್ ಸೌಲಭ್ಯವನ್ನು ಉತ್ಪನ್ನದ ಹೆಸರಿನಲ್ಲೇ ಸಾರುವಷ್ಟು ಅದಕ್ಕೆ ಬೆಲೆ ಬಂದಿತ್ತು. ಇಂದು ಅದೇ ಆರ್ಮ್ ಸಂಸ್ಥೆಯ ಕಾರ್ಟೆಕ್ಸ್-ಎಂ ಜಾತಿಯ ಚಿಪ್‌ಗಳಿಗೆ ಎರಡೇ ತಂತಿ ಸಾಕು. ಅಷ್ಟರಲ್ಲಿ ವಿದ್ಯುತ್ತಿನಿಂದಲೇ ಅಳಿಸಬಹುದಾದ ಫ್ಲ್ಯಾಶ್ ಮೆಮೊರಿ ಬಂದು ಅತಿನೇರಳೆ ದೀಪವೂ ಅಟ್ಟ ಸೇರಿತು. 2010ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಎಂಎಸ್‌ಪಿ430 ಚಿಪ್‌ನ ಲಾಂಚ್‌ಪ್ಯಾಡ್ ಬೋರ್ಡನ್ನು, ಡೀಬಗರ್ ಸಮೇತ, 4.30 ಡಾಲರ್‌ಗೆ ಮಾರಿತು. ಉಪಕರಣ ಅಗ್ಗವಾದರೆ ಚಿಪ್ ತಾನಾಗಿ ಮಾರಾಟವಾಗುತ್ತದೆ ಎಂಬ ಲೆಕ್ಕ ಅದರ ಹಿಂದಿತ್ತು.

ಕಂಪೈಲರ್‌ಗಳ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಮುಖ್ಯ ಮಾತು ಇರುವುದು ಅಲ್ಲಿ. 1980ರಲ್ಲಿ ಬಂದ ಇಂಟೆಲ್ 8051 ಚಿಪ್ ಇಂದಿಗೂ ನಮ್ಮ ಕಾಲೇಜುಗಳಲ್ಲಿ ಪಾಠವಾಗುತ್ತಿದೆ. ಅದರಲ್ಲಿ ಪ್ರೋಗ್ರಾಂಗೆ ಒಂದು ವಿಳಾಸ ಲೋಕ, 128 ಬೈಟ್‌ಗಳ ಒಳ ಮೆಮೊರಿಗೆ ಇನ್ನೊಂದು, ಹೊರ ಮೆಮೊರಿಗೆ ಮತ್ತೊಂದು. ಪ್ರೋಗ್ರಾಂ ಬರೆಯುವ ಸಿ ಭಾಷೆಗೆ ಇಂಥ ಭೇದವೇ ಗೊತ್ತಿಲ್ಲ. ಜರ್ಮನಿಯ ಕೀಲ್ ಸಂಸ್ಥೆ 1988ರಲ್ಲಿ ಈ ಚಿಪ್‌ಗೆಂದೇ ತಂದ ಸಿ ಕಂಪೈಲರ್, ಯಾವ ಚರಾಂಶ (ವೇರಿಯಬಲ್) ಯಾವ ಮೆಮೊರಿಯಲ್ಲಿರಬೇಕೆಂದು ಸೂಚಿಸಲು ಭಾಷೆಗೆ ತನ್ನದೇ ಪದಗಳನ್ನು ಸೇರಿಸಿತು. ಇಂಥ ಚರಾಂಶಗಳನ್ನು ತಾತ್ಕಾಲಿಕವಾಗಿ ಇಡುವ ಸ್ಟ್ಯಾಕ್ ತೀರಾ ಚಿಕ್ಕದಾದ್ದರಿಂದ, ಪ್ರೋಗ್ರಾಂನ ಯಾವ ತುಂಡು (ಫಂಕ್ಷನ್) ಯಾವುದನ್ನು ಕರೆಯುತ್ತದೆಂದು ಮೊದಲೇ ಲೆಕ್ಕ ಹಾಕಿ, ಒಟ್ಟಿಗೆ ಓಡದ ಫಂಕ್ಷನ್‌ಗಳ ಚರಾಂಶಗಳಿಗೆ ಒಂದೇ ಜಾಗವನ್ನು ಹಂಚಿತು. ಬಹಳ ಜಾಣ್ಮೆಯ ಕೆಲಸವದು. ಆದರೆ ಹಾಗೆ ಬರೆದ ಪ್ರೋಗ್ರಾಂ ಆ ಚಿಪ್‌ಗೆ ಮಾತ್ರವಲ್ಲ, ಆ ಕಂಪೈಲರ್‌ಗೂ ಅಂಟಿಕೊಂಡುಬಿಡುತ್ತಿತ್ತು. ಇನ್ನೊಂದು ಕಂಪೈಲರ್‌ಗೆ ಒಯ್ಯುವುದೆಂದರೆ ಅರ್ಧ ಹೊಸದಾಗಿ ಬರೆದಂತೆಯೇ.

ಈ ಅಂಟು ಬಿಡಿಸಿದ್ದು ಮುಕ್ತ ತಂತ್ರಾಂಶ, ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿರುವಂಥದ್ದು. 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬಿಡುಗಡೆ ಮಾಡಿದ ಜಿಸಿಸಿ ಕಂಪೈಲರ್ ದೊಡ್ಡ ಯಂತ್ರಗಳಿಗಾಗಿ ಹುಟ್ಟಿದ್ದರೂ, ಹೊಸ ಪ್ರೊಸೆಸರ್‌ಗೆ ಹೊಂದಿಸಲು ಬರುವಂತೆ ಅದರ ರಚನೆಯಿತ್ತು. ಎವಿಆರ್ ಎಂಬ ಸಣ್ಣ ಚಿಪ್‌ಗೆ, ಆರ್ಮ್‌ಗೆ ಒಂದೊಂದಾಗಿ ಅದು ಒಗ್ಗಿತು. 8051ರಂಥ ಚಿಕ್ಕ ಚಿಪ್‌ಗಳಿಗೆ ಸಂದೀಪ್ ದತ್ತ ಎಂಬವರು ಎಸ್‌ಡಿಸಿಸಿ ಎಂಬ ಇನ್ನೊಂದು ಮುಕ್ತ ಕಂಪೈಲರ್ ಬರೆದರು. 2005ರಲ್ಲಿ ಡೊಮಿನಿಕ್ ರಾತ್ ಎಂಬ ಜರ್ಮನ್ ವಿದ್ಯಾರ್ಥಿಯ ಪದವಿ ಪ್ರಬಂಧವಾಗಿ ಶುರುವಾದ ಓಪನ್‌ಒಸಿಡಿ, ಜೆಟ್ಯಾಗ್ ತಂತಿಗೂ ಜಿಡಿಬಿ ಎಂಬ ಮುಕ್ತ ಡೀಬಗರ್‌ಗೂ ನಡುವಿನ ಸೇತುವೆಯಾಯಿತು. ಅದೇ ವರ್ಷ ಇಟಲಿಯಲ್ಲಿ ಆರಂಭವಾದ ಆರ್ಡುಯಿನೊ ಎಂಬ ಕಲಿಕೆಯ ಬೋರ್ಡು, ಇದೇ ಜಿಸಿಸಿಯನ್ನು ಒಂದು ಗುಂಡಿಯ ಹಿಂದೆ ಅಡಗಿಸಿಟ್ಟು ಶಾಲಾ ಮಕ್ಕಳ ಕೈಗೂ ಕೊಟ್ಟಿತು.

ಈಗ ವಿಕ್ರಮ್ ವಿಷಯಕ್ಕೆ ಬರುತ್ತೇನೆ. 2025ರ ಮಾರ್ಚ್‌ನಲ್ಲಿ ಇಸ್ರೊಗೆ ಹಸ್ತಾಂತರವಾದದ್ದು ಒಂದಲ್ಲ, ಎರಡು 32-ಬಿಟ್ ಪ್ರೊಸೆಸರ್‌ಗಳು. ವಿಕ್ರಮ್ 3201ರ ಸೂಚನಾ ಗಣ, ಅಂದರೆ ಅದಕ್ಕೆ ಅರ್ಥವಾಗುವ ಆದೇಶಗಳ ಪಟ್ಟಿ, ನಮ್ಮದೇ. ಆದ್ದರಿಂದ ಅದಕ್ಕೆ ಏಡಾ ಭಾಷೆಯ ಕಂಪೈಲರ್, ಅಸೆಂಬ್ಲರ್, ಲಿಂಕರ್, ಚಿಪ್ ಇಲ್ಲದೆಯೇ ಅದರ ನಡೆಯನ್ನು ಅನುಕರಿಸುವ ಸಿಮ್ಯುಲೇಟರ್ ಎಲ್ಲವನ್ನೂ ಇಸ್ರೊ ತಾನೇ ಬರೆಯಬೇಕಾಯಿತು. ಸಿ ಕಂಪೈಲರ್ ಇನ್ನೂ ಸಿದ್ಧವಾಗುತ್ತಿದೆ ಎಂದು ಸಂಸ್ಥೆ ಆಗ ಹೇಳಿತ್ತು. ಜೊತೆಯಲ್ಲೇ ಬಂದ ಕಲ್ಪನಾ 3201, ಸ್ಪಾರ್ಕ್ ವಿ8 ಎಂಬ ಪ್ರಕಟಿತ ಮಾನಕವನ್ನು ಅನುಸರಿಸುವುದರಿಂದ ಈಗಾಗಲೇ ಇರುವ ಮುಕ್ತ ಉಪಕರಣಗಳೊಂದಿಗೆ ಕೆಲಸ ಮಾಡುತ್ತದೆ. ರಾಕೆಟ್‌ಗೆ ಮೊದಲ ದಾರಿ ಸರಿಯೇ ಇರಬಹುದು: ಅಲ್ಲಿ ಬಳಕೆದಾರರು ಬೆರಳೆಣಿಕೆಯಷ್ಟು, ಪ್ರತಿಯೊಂದು ಬೈಟ್‌ಗೂ ಲೆಕ್ಕ ಕೊಡಬೇಕು. ಆದರೆ ಪೀಣ್ಯದ ಸಣ್ಣ ಕಾರ್ಖಾನೆಯೊಂದು ತನ್ನ ಪಂಪ್ ನಿಯಂತ್ರಕಕ್ಕೆ ದೇಶೀ ಚಿಪ್ ಹಾಕಬೇಕಾದರೆ ಎರಡನೆಯ ದಾರಿಯೇ ನಡೆಯುವಂಥದ್ದು. ಮದ್ರಾಸ್ ಐಐಟಿಯ ‘ಶಕ್ತಿ’ ಪ್ರೊಸೆಸರ್ ಕೂಡ, ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಕ್‌ನ ‘ವೇಗ’ ಪ್ರೊಸೆಸರ್ ಕೂಡ ರಿಸ್ಕ್-ವಿ ಎಂಬ ಮುಕ್ತ ಸೂಚನಾ ಗಣವನ್ನು ಆರಿಸಿಕೊಂಡದ್ದರ ನಿಜವಾದ ಲಾಭ ಪರವಾನಗಿ ಶುಲ್ಕ ಉಳಿಯುವುದಷ್ಟೇ ಅಲ್ಲ, 2017ರಿಂದ ಜಿಸಿಸಿಯ ಮೂಲ ಆವೃತ್ತಿಯಲ್ಲೇ ರಿಸ್ಕ್-ವಿಗೆ ಬೆಂಬಲವಿರುವುದರಿಂದ ಪ್ರಪಂಚದ ಬೇರೆಡೆ ಯಾರೋ ತಿದ್ದಿದ ಕಂಪೈಲರ್ ದೋಷ ನಮ್ಮ ಚಿಪ್‌ಗೂ ತಿದ್ದಿದಂತಾಗುತ್ತದೆ. ‘ವೇಗ’ ಪ್ರೊಸೆಸರ್ ಇರುವ ಸಿ-ಡಾಕ್‌ನ ಏರೀಸ್ ಬೋರ್ಡುಗಳಿಗೆ ಆರ್ಡುಯಿನೊ ತಂತ್ರಾಂಶದಿಂದಲೇ ಪ್ರೋಗ್ರಾಂ ಬರೆಯಬಹುದು. ಇದನ್ನು ಯಾವ ಮುಖಪುಟವೂ ಹೇಳಲಿಲ್ಲ. ಕಂಪೈಲರ್ ಇಲ್ಲದ ಚಿಪ್ ಗುಂಡಿಲ್ಲದ ಒರಳಿನಂತೆ, ಎಷ್ಟು ಚೆಂದವಿದ್ದರೂ ಹಿಟ್ಟು ರುಬ್ಬಲಾಗದು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳ ಬಗ್ಗೆಯೂ ಒಂದು ಮಾತು. 8051 ಕಲಿಸುವುದು ತಪ್ಪಲ್ಲ. ಅಷ್ಟು ಚಿಕ್ಕ ಯಂತ್ರದಲ್ಲಿ ಪ್ರತಿಯೊಂದೂ ಕಣ್ಣಿಗೆ ಕಾಣುತ್ತದೆ. ಆದರೆ 2 ಕಿಲೋಬೈಟ್ ಮಿತಿಯ ಪ್ರಾಯೋಗಿಕ ಆವೃತ್ತಿಯ ಕಂಪೈಲರ್‌ನಲ್ಲಿ ಯಾವ ಗುಂಡಿ ಒತ್ತಬೇಕೆಂದು ರೆಕಾರ್ಡ್ ಪುಸ್ತಕದಲ್ಲಿ ಬರೆಸಿ ಮುಗಿಸಿದರೆ, ಲಿಂಕರ್ ಏನು ಮಾಡುತ್ತದೆ, ಮೆಮೊರಿಯಲ್ಲಿ ಏನು ಎಲ್ಲಿದೆ ಎಂದು ತೋರಿಸುವ ಮ್ಯಾಪ್ ಫೈಲ್ ಓದುವುದು ಹೇಗೆ, ಮುಖ್ಯ ಫಂಕ್ಷನ್ ಶುರುವಾಗುವ ಮೊದಲು ಏನೇನು ನಡೆದಿರುತ್ತದೆ ಎಂಬುದು ವಿದ್ಯಾರ್ಥಿಗೆ ತಿಳಿಯುವುದೇ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ತಯಾರಕರ ದೊಡ್ಡ ಪ್ಯಾಕೇಜುಗಳು ಅವನ ಪರವಾಗಿ ಕೋಡ್ ಬರೆದುಕೊಡುತ್ತವೆ. 64 ಕಿಲೋಬೈಟ್‌ನ ಚಿಪ್‌ಗಾಗಿ ಗಿಗಾಬೈಟ್‌ಗಟ್ಟಲೆ ಇಳಿಸಿಕೊಳ್ಳಬೇಕಾದ ಈ ಕಾಲದ ವೈಚಿತ್ರ್ಯಕ್ಕೆ ನಾನಿನ್ನೂ ಹೊಂದಿಕೊಂಡಿಲ್ಲ. ವಿದ್ಯುತ್ ಮೀಟರ್ ಹದಿನೈದು ವರ್ಷ ಗೋಡೆಯ ಮೇಲಿರುತ್ತದೆ, ಅದರ ಪ್ರೋಗ್ರಾಂ ಕಟ್ಟಿದ ಪ್ಯಾಕೇಜ್ ಅಷ್ಟರಲ್ಲಿ ಹಲವು ಸಲ ರೂಪ ಬದಲಿಸಿರುತ್ತದೆ, ಕೆಲವೊಮ್ಮೆ ಪರವಾನಗಿ ನೀಡುವ ಸರ್ವರ್ ಕೂಡ ನಿಂತಿರುತ್ತದೆ. ಮುಕ್ತ ಕಂಪೈಲರ್‌ನ ಮೂಲ ಕೋಡ್ ಕಪಾಟಿನಲ್ಲಿದ್ದರೆ ಈ ಭಯವಿಲ್ಲ. ಕೀಮು ತರಹದ ಸಿಮ್ಯುಲೇಟರ್, ಜಿಸಿಸಿ, ಜಿಡಿಬಿ ಇಷ್ಟಿದ್ದರೆ ಬೋರ್ಡ್ ಕೊಳ್ಳಲು ಹಣವಿಲ್ಲದ ಕಾಲೇಜಿನಲ್ಲೂ ಪಾಠ ಶುರು ಮಾಡಬಹುದು. ಪಠ್ಯಕ್ರಮ ರಚಿಸುವವರು ಇದನ್ನು ಪರಿಶೀಲಿಸಬೇಕು.

ತಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ದೇಶೀ ಚಿಪ್ ಬಿಡುಗಡೆಯಾದಾಗ ತಮ್ಮ ವರದಿಗಾರರು, ಅದಕ್ಕೆ ಯಾವ ಕಂಪೈಲರ್ ಇದೆ, ಅದರ ಮೂಲ ಕೋಡ್ ಎಲ್ಲಿ ಸಿಗುತ್ತದೆ, ಡೀಬಗರ್ ಸಮೇತ ಬೋರ್ಡಿನ ಬೆಲೆ ಎಷ್ಟು, ದೋಷ ಕಂಡುಬಂದರೆ ಯಾರಿಗೆ ಬರೆಯಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ, ಸಿಕ್ಕ ಉತ್ತರಗಳನ್ನೂ ವರದಿಯಲ್ಲಿ ಪ್ರಕಟಿಸಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಎಂಜಿನಿಯರ್, ಬೆಂಗಳೂರು